ವಠಾರದ ಗೋಡೆಯ ತೇವ, ಚಿತ್ರಗಳ ಹಿಂದಿನ ಬೂಷ್ಟು

ಚಿಕ್ಕಮಗಳೂರಿನ ಹಳೇ ವಠಾರವನ್ನು ಗ್ಯಾಲರಿ ಮಾಡಿದ ಮೇಲೆ ಫ್ರೇಮುಗಳ ಹಿಂದೆ ಬೂಷ್ಟು, ಕೆಳಗೋಡೆಯ ಬಣ್ಣ ಹಪ್ಪಳದಂತೆ ಏಳುತ್ತಿದೆ ಎಂದಿದ್ದೀರಿ. ಬಹುತೇಕ ಕಾರಣ, ಸುಣ್ಣದ ಗಾರೆಯ ಗೋಡೆಗೆ ಮೆತ್ತಿದ ಸಿಮೆಂಟು ಮತ್ತು ಎಮಲ್ಷನ್ ಬಣ್ಣ. ನೆಲದಿಂದೇರಿದ ತೇವವನ್ನು ಸುಣ್ಣದ ಗಾರೆ ಹೊರಗೆ ಬಿಡುತ್ತದೆ, ಸಿಮೆಂಟು ಹಿಡಿದಿಡುತ್ತದೆ.

ಮೊದಲು ಚಿತ್ರಗಳನ್ನು ಇಳಿಸಿ. ಒಂದು ಮೂಲೆಯಲ್ಲಿ ಅಂಗೈಯಗಲ ಸಿಮೆಂಟು ಕೆತ್ತಿ. ಒಳಗೆ ತಣ್ಣಗಿದ್ದು ಬಿಳಿ ಉಪ್ಪಿನ ಪುಡಿ ಬೆರಳಿಗೆ ಅಂಟಿದರೆ ನನ್ನ ಊಹೆ ಸರಿ. ಇಲ್ಲವಾದರೆ ಪೈಪು, ಹೆಂಚು ಸೋರುತ್ತಿದೆಯಾ ನೋಡಿ. ಊಹೆ ಸರಿಯಿದ್ದರೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟು ಕೀಳಿಸಿ, ಬೇಸಿಗೆ ಪೂರ್ತಿ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆ, ಮೇಲೆ ಸುಣ್ಣದ್ದೇ ಬಣ್ಣ. ವಾಟರ್‌ಪ್ರೂಫ್ ಕೋಟ್ ಮಾತ್ರ ಬೇಡವೇ ಬೇಡ; ನಮ್ಮ ಅಜ್ಜಿ ಮನೆಯಲ್ಲಿ ಬಳಿಸಿದ ಮೇಲೆ ತೇವ ಇನ್ನೂ ಎರಡಡಿ ಏರಿತು.

ಮತ್ತೆ ತೂಗುಹಾಕುವಾಗ ಫ್ರೇಮಿನ ಹಿಂದೆ ನಾಲ್ಕೂ ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿಯಾಡಲಿ.