ಅದು ಸಕ್ಕರೆ ಹರಳಲ್ಲ, ಮತ್ತೆ ಒಲೆ ಮೇಲಿಡಬೇಡಿ

"ದ್ರಾಕ್ಷಿ ಜೆಲ್ಲಿಯಲ್ಲಿ ಗಾಜಿನ ಚೂರಿನ ಹಾಗೆ ಹರಳು ಬಂದಿವೆ, ನೀರು ಹಾಕಿ ಇನ್ನೊಂದು ಸಲ ಕುದಿಸಲಾ" ಅಂತ ಕೇಳಿದ್ದೀರಿ. ಕೆಳಗೆ ನಾಲ್ಕು ಜನ ಆಗಲೇ "ಕುದಿಸಿ, ಕುದಿಸಿ" ಅಂದುಬಿಟ್ಟಿದ್ದಾರೆ. ಸ್ವಲ್ಪ ನಿಲ್ಲಿ ಅಕ್ಕಾ. ನಾನು ಹೀಗೇ ಕುದಿಸಿ ಆರು ಬಾಟಲಿ ಜೆಲ್ಲಿ ಕೆಡಿಸಿಕೊಂಡವಳು.

ಮೊದಲು ಒಂದು ಹರಳನ್ನು ಚಮಚದಲ್ಲಿ ತೆಗೆದು ತಣ್ಣೀರಿಗೆ ಹಾಕಿ ಕಲಕಿ. ಬಾಯಿಗೆ ಹಾಕಿ ನೋಡಬೇಡಿ, ಬಾಟಲಿ ಒಡೆದ ಚೂರೂ ಇರಬಹುದು. ಸಕ್ಕರೆಯಾದರೆ ಬೇಗ ಕರಗುತ್ತದೆ. ಕರಗದಿದ್ದರೆ ಕುದಿಯುವ ನೀರಿಗೆ ಹಾಕಿ ನೋಡಿ. ಅಲ್ಲಿ ಕರಗಿದರೆ ಅದು ಟಾರ್ಟರೇಟ್. ಅಲ್ಲೂ ಕರಗದೆ ಹಾಗೇ ಕೂತರೆ ಪೂರ್ತಿ ಬಾಟಲಿಯನ್ನೇ ಎಸೆಯಿರಿ.

ಟಾರ್ಟರೇಟ್ ಅಂದರೆ ಹೊಸದೇನಲ್ಲ, ಬೇಕಿಂಗ್ ಮಾಡುವವರು ಬಳಸುವ ಕ್ರೀಮ್ ಆಫ್ ಟಾರ್ಟಾರ್ ಅದೇ. ದ್ರಾಕ್ಷಿಯ ಹುಳಿಯೊಳಗೇ ಇರುತ್ತದೆ. ತಿಂದರೆ ಏನೂ ಆಗುವುದಿಲ್ಲ, ಹಲ್ಲಿಗೆ ಮರಳಿನ ಹಾಗೆ ಕರಕರ ಅನ್ನುತ್ತದೆ ಅಷ್ಟೇ. 100 ಮಿಲಿ ಕುದಿಯುವ ನೀರಿನಲ್ಲಿ ಸುಮಾರು 6 ಗ್ರಾಂ ಕರಗುವ ವಸ್ತು, ನೀರು ತಣ್ಣಗಾದರೆ ಅರ್ಧ ಗ್ರಾಂ ಕರಗಿದರೆ ಹೆಚ್ಚು. ನಾನು ಮೋಸ ಹೋಗಿದ್ದು ಇಲ್ಲೇ. ಮೊದಲ ಸಲ ಕುದಿಸಿದಾಗ ಹರಳೆಲ್ಲ ಮಾಯ. ಖುಷಿಯಾಗಿ ಬಾಟಲಿಗೆ ತುಂಬಿದೆ. ಮೂರನೇ ದಿನ ನೋಡಿದರೆ ತಳದಲ್ಲಿ ಮತ್ತೆ ಹಾಜರು! ಸಕ್ಕರೆ ಜಾಸ್ತಿಯಾಗಿರಬೇಕು ಅಂತ ನೀರು ಹಾಕಿ ಮತ್ತೆ ಕುದಿಸಿದೆ. ಆಮೇಲೆ ಇನ್ನೊಂದು ಸಲ. ಕೊನೆಗೆ ಹರಳೂ ಹೋಗಲಿಲ್ಲ, ಜೆಲ್ಲಿಯೂ ಉಳಿಯಲಿಲ್ಲ. ಜಾಸ್ತಿ ಕುದಿಸಿದರೆ ಪೆಕ್ಟಿನ್, ಅಂದರೆ ಜೆಲ್ಲಿಯನ್ನು ಗಟ್ಟಿ ಮಾಡುವ ಹಣ್ಣಿನ ಅಂಶ, ಮುರಿದುಹೋಗುತ್ತದೆ. ಚಮಚ ಓರೆ ಮಾಡಿದರೆ ಶರಬತ್ತಿನ ಹಾಗೆ ಸುರಿಯುತ್ತಿತ್ತು, ಸುಟ್ಟ ಸಕ್ಕರೆಯ ವಾಸನೆ ಬೇರೆ.

ಇದಕ್ಕೆ ಮದ್ದು ಒಲೆಯಲ್ಲಿಲ್ಲ, ಫ್ರಿಜ್‌ನಲ್ಲಿದೆ. ಅದೂ ಸಕ್ಕರೆ ಹಾಕುವ ಮೊದಲು. ರಸ ಸೋಸಿದ ದಿನವೇ ಜೆಲ್ಲಿ ಮಾಡುವ ಆತುರ ಬಿಡಿ. ಎತ್ತರದ ಗಾಜಿನ ಪಾತ್ರೆಗೆ ಸುರಿದು ಮುಚ್ಚಿ ಫ್ರಿಜ್‌ನಲ್ಲಿಡಿ. ಒಂದು ರಾತ್ರಿ ಸಾಕು ಅನ್ನುತ್ತಾರೆ, ನಾನು ಎರಡು ರಾತ್ರಿ ಬಿಡುತ್ತೇನೆ. ಆಮೇಲೆ ಪಾತ್ರೆಯನ್ನು ಅಲ್ಲಾಡಿಸದೆ ಎತ್ತಿ ನೋಡಿ. ತಳದಲ್ಲಿ ನೇರಳೆ ಬಣ್ಣದ ಪುಡಿ ಮರಳಿನ ಹಾಗೆ ಕೂತಿರುತ್ತದೆ, ಉಗುರಿನಲ್ಲಿ ಕೆರೆದರೆ ಚರಚರ ಅನ್ನುತ್ತದೆ. ಮೇಲಿನ ರಸ ಮಾತ್ರ ನಿಧಾನವಾಗಿ ಬಗ್ಗಿಸಿಕೊಳ್ಳಿ. ಕೊನೆಯ ಎರಡು ಬೆರಳಿನಷ್ಟು ರಸ ಹೋಗಲಿ ಬಿಡಿ. ನನಗೂ ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಕು. ಬಗ್ಗಿಸಿದ್ದನ್ನು ಎರಡು ಪದರದ ಒದ್ದೆ ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ.

ಡಬ್ಬಿಯಲ್ಲಿ ಬರುವ ಸೋಸಿದ ರಸದಲ್ಲಿ ಮಾಡಿದರೆ ಈ ತಾಪತ್ರಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅದರಲ್ಲಿ ಪೆಕ್ಟಿನ್ ಹೊರಗಿನಿಂದ ಹಾಕಲೇಬೇಕು. ಬೀಜವಿಲ್ಲದ ಸಿಹಿ ದ್ರಾಕ್ಷಿಗೂ ಅಷ್ಟೇ, ಅದಕ್ಕೆ ನಿಂಬೆರಸವೂ ಬೇಕು. ಕಾಂಕಾರ್ಡ್ ಥರದ ಹುಳಿ ದ್ರಾಕ್ಷಿಯಾದರೆ ಅರ್ಧ ಕೆಲಸ ಅದೇ ಮಾಡಿಕೊಳ್ಳುತ್ತದೆ. ನಾಲ್ಕರಲ್ಲಿ ಒಂದು ಪಾಲು ಅರೆಹಣ್ಣು ಸೇರಿಸಿ, ಪೆಕ್ಟಿನ್ ಅದರಲ್ಲೇ ಜಾಸ್ತಿ.

ಪೆಕ್ಟಿನ್ ಯಾವ ಕಂಪನಿದು ಅಂತ ಪ್ರತಿ ಸಲ ಜಗಳ ಆಗುತ್ತದೆ ಇಲ್ಲಿ. ನನಗೆ ದುಬಾರಿಯದಕ್ಕೂ ಅಗ್ಗದ್ದಕ್ಕೂ ವ್ಯತ್ಯಾಸ ಕಂಡಿಲ್ಲ. ಹಳೇ ಪೊಟ್ಟಣಕ್ಕೂ ಹೊಸದಕ್ಕೂ ಕಂಡಿದೆ, ಹಳೆಯದು ಕೈಕೊಡುತ್ತದೆ. ಪುಡಿಯಾದರೆ ಸಕ್ಕರೆಗಿಂತ ಮೊದಲು, ದ್ರವವಾದರೆ ಸಕ್ಕರೆ ಹಾಕಿ ಕುದಿಸಿದ ಮೇಲೆ. ಇದನ್ನು ಅದಲುಬದಲು ಮಾಡಿ "ಕಂಪನಿ ಸರಿ ಇಲ್ಲ" ಅನ್ನಬೇಡಿ.

ನೀವು ಅಳತೆ ದುಪ್ಪಟ್ಟು ಮಾಡಿದ್ದೀರಿ ಅಂತ ಬರೆದಿದ್ದೀರಲ್ಲ, ಅದೂ ತಪ್ಪೇ. ದೊಡ್ಡ ಪಾತ್ರೆ ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಪೆಕ್ಟಿನ್ ಸೋಲುತ್ತದೆ. ಎರಡು ಸಲ ಮಾಡಿ. ಪೆಕ್ಟಿನ್ ಹಾಕದೆ ಮಾಡುವುದಾದರೆ ಥರ್ಮಾಮೀಟರ್ 104 ಡಿಗ್ರಿ ಸೆಲ್ಸಿಯಸ್ ದಾಟುವಾಗ ಇಳಿಸಿ. ಎತ್ತರದ ಜಾಗದಲ್ಲಿದ್ದರೆ ಮೊದಲು ಬರೀ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ, ಅದಕ್ಕಿಂತ ನಾಲ್ಕೂವರೆ ಡಿಗ್ರಿ ಮೇಲೆ. ಬಾಟಲಿಗೆ ತುಂಬಿದ ಮೇಲೆ ಒಂದು ದಿನ ಮುಟ್ಟಬೇಡಿ, ಓರೆ ಮಾಡಿ ನೋಡುವ ಚಟವೂ ಬೇಡ. ಮೇಲೆ ಮೇಣ ಸುರಿಯಿರಿ ಅಂದವರ ಮಾತಂತೂ ಕೇಳಲೇಬೇಡಿ. ಮೇಣ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಬೂಷ್ಟು ಬರುತ್ತದೆ.

ಇನ್ನೊಬ್ಬರು "ಹಣ್ಣಿನದಲ್ವಾ, ಮಕ್ಕಳಿಗೆ ಎಷ್ಟು ಕೊಟ್ಟರೂ ಒಳ್ಳೇದು" ಅಂದಿದ್ದಾರೆ. ಹಾಗೇನಿಲ್ಲ. 100 ಗ್ರಾಂ ದ್ರಾಕ್ಷಿಯಲ್ಲಿ 70 ಕ್ಯಾಲೊರಿಯ ಹತ್ತಿರ, ಅಷ್ಟೇ ತೂಕದ ಜೆಲ್ಲಿಯಲ್ಲಿ 260ರ ಮೇಲೆ. ಸಿಪ್ಪೆ, ನಾರು ಎಲ್ಲ ಸೋಸಿದ ಬಟ್ಟೆಯಲ್ಲೇ ಉಳಿಯುತ್ತವೆ. ಜೆಲ್ಲಿ ರುಚಿಗೆ, ಹಣ್ಣು ಹೊಟ್ಟೆಗೆ. ಸಕ್ಕರೆ ಕಮ್ಮಿ ಮಾಡಬೇಕು ಅಂದರೆ ಸುಮ್ನೆ ಅಳತೆ ಇಳಿಸಬೇಡಿ, ಗಟ್ಟಿಯಾಗುವುದಿಲ್ಲ. ಕಡಿಮೆ ಸಕ್ಕರೆಗೆ ಅಂತಲೇ ಬೇರೆ ಪೆಕ್ಟಿನ್ ಬರುತ್ತದೆ, ಅದನ್ನು ತನ್ನಿ. ಪುಟ್ಟ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ. ಮನೆಯಲ್ಲಿ ನಾಯಿ ಇದ್ದರೆ ಆ ಬಟ್ಟೆಯ ಚರಟ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ, ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಹರಳು ಟಾರ್ಟರೇಟೇ ಅಂತ ಖಾತ್ರಿಯಾದರೆ ಈಗಿರುವ ಬಾಟಲಿಗಳನ್ನು ಎಸೆಯಬೇಡಿ. ಬೇಕಾದಷ್ಟು ಮಾತ್ರ ಸಣ್ಣ ಪಾತ್ರೆಗೆ ತೆಗೆದು, ಒಂದು ಚಮಚ ನೀರು ಹಾಕಿ, ಹರಳು ಕರಗುವ ತನಕ ಬಿಸಿ ಮಾಡಿ ಕೇಕ್ ಮೇಲೆ ಬಿಸಿ ಇರುವಾಗಲೇ ಸುರಿದು ತಿನ್ನಿ. ಆರಿದರೆ ಮತ್ತೆ ಕರಕರ.