ಅಂಬಾಸಿಡರ್‌ಗೆ ಅಂತ ಕೇಳಬೇಡಿ, ಡಿಸ್ಟ್ರಿಬ್ಯೂಟರ್ ನಂಬರ್ ಹೇಳಿ ಕೇಳಿ

ನೀವು ಚಿತ್ರದುರ್ಗದವರು. ನಿಮ್ಮ ತಾತನ ಕಾಲದ 1978ರ ಅಂಬಾಸಿಡರ್ ಮಾರ್ಕ್ 3 ಪೆಟ್ರೋಲ್ ಗಾಡಿ ಇದೆ. "ಅಂಬಾಸಿಡರ್‌ದು ಕೊಡಿ" ಅಂತ ಕೇಳಿ ಪಾಯಿಂಟ್ ಸೆಟ್, ರೋಟರ್, ಕ್ಯಾಪ್ ತಂದಿದ್ದೀರಿ. ಕ್ಯಾಪ್ ಅಲ್ಲಾಡುತ್ತಿದೆ, ಎಂಜಿನ್ ಬಿಸಿಯಾದ ಮೇಲೆ ಗಾಡಿ ನಿಂತುಬಿಡುತ್ತಿದೆ. ಸರಿಯಾಗಿ ಕೂರುವ ಮಾಲು ದಾವಣಗೆರೆಯಲ್ಲಿ ಸಿಗುತ್ತಾ ಅಂತ ಕೇಳಿದ್ದೀರಿ.

ಸಿಗುತ್ತದೆ. ನಾನು ದಾವಣಗೆರೆಯವನು, ನಮ್ಮ ಮನೆಯಲ್ಲೂ ಹಳೇ ಅಂಬಾಸಿಡರ್ ಇದೆ. ಆದರೆ ಇಲ್ಲಿಗೆ ಬಸ್ ಹತ್ತುವ ಮೊದಲು ನಿಮ್ಮ ಗಾಡಿಯ ಬಾನೆಟ್ ತೆಗೆದು ನೋಡಿ. ಹಳೇ ಗಾಡಿಯ ಹೆಸರು, ವರ್ಷ ಹೇಳಿ ಇಗ್ನಿಷನ್ ಸಾಮಾನು ತರಲು ಆಗುವುದಿಲ್ಲ. ನಿಮಗೆ ಮಾಲು ಬೇಕಾಗಿರುವುದು ಡಿಸ್ಟ್ರಿಬ್ಯೂಟರ್‌ಗೆ, ಅಂದರೆ ಕಿಡಿಯ ಕರೆಂಟನ್ನು ಪ್ಲಗ್‌ಗಳಿಗೆ ಸರದಿಯಂತೆ ಹಂಚುವ ಭಾಗಕ್ಕೆ. ಅದರ ಮುಚ್ಚಳ ಕ್ಯಾಪ್, ಒಳಗೆ ತಿರುಗುವುದು ರೋಟರ್, ತೆರೆದು ಮುಚ್ಚುವ ಸ್ವಿಚ್ಚು ಪಾಯಿಂಟ್. ಇಷ್ಟು ವರ್ಷದಲ್ಲಿ ಆ ಡಿಸ್ಟ್ರಿಬ್ಯೂಟರನ್ನು ಯಾರೋ ಒಬ್ಬರು ಬದಲಾಯಿಸಿರುವ ಸಾಧ್ಯತೆ ಜಾಸ್ತಿ. ಎಂಜಿನ್ನೇ ಬದಲಾಗಿರುವ ಗಾಡಿಗಳೂ ಎಷ್ಟೋ ಇವೆ. 1990ರ ದಶಕದ ಇಸುಜು 1800 ಎಂಜಿನ್ ಕೂತಿದ್ದರೆ ಹಳೇ ಎಂಜಿನ್ನಿನ ಯಾವ ಸಾಮಾನೂ ಆಗುವುದಿಲ್ಲ.

ಮಾರ್ಕ್ 3ರಲ್ಲಿ ಬಂದಿದ್ದು 1489 ಸಿಸಿ ಎಂಜಿನ್. ಇದು ಮೂಲತಃ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್, ಮಾರಿಸ್ ಆಕ್ಸ್‌ಫರ್ಡ್ ಕಾರಿನ ಜೊತೆ ಬಂದಿದ್ದು. ಈ ಸೀರೀಸ್ ಎಂಜಿನ್‌ಗಳಿಗೆ ಲೂಕಾಸ್ ಕಂಪನಿ ಬೇರೆ ಬೇರೆ ಕಾಲದಲ್ಲಿ ಡಿಎಂ2, 25ಡಿ4, 45ಡಿ4 ಅಂತ ಡಿಸ್ಟ್ರಿಬ್ಯೂಟರ್‌ಗಳನ್ನು ಕೊಟ್ಟಿತು. 25ಡಿ4 ಮತ್ತು 45ಡಿ4 ನೋಡಲು ಅಣ್ಣತಮ್ಮಂದಿರ ಹಾಗಿವೆ, ಆದರೆ ಒಂದರ ಕ್ಯಾಪ್, ರೋಟರ್, ಪಾಯಿಂಟ್ ಇನ್ನೊಂದಕ್ಕೆ ಕೂರುವುದಿಲ್ಲ. ನಿಮ್ಮ ಕ್ಯಾಪ್ ಅಲ್ಲಾಡುವುದಕ್ಕೆ ನನಗೆ ಮೊದಲ ಅನುಮಾನ ಇದರ ಮೇಲೆಯೇ.

ಹಾಗಾಗಿ ಡಿಸ್ಟ್ರಿಬ್ಯೂಟರನ್ನು, ಅಂದರೆ ಗ್ಯಾರೇಜಿನವರು ಡೆಲ್ಕೋ ಅನ್ನುತ್ತಾರಲ್ಲ ಅದನ್ನು, ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಎಂಜಿನ್ ತಣ್ಣಗಿರಲಿ, ಬ್ಯಾಟರಿ ಬಿಚ್ಚಿರಲಿ. ಮೈಮೇಲೆ ಮಾಡೆಲ್ ಮತ್ತು ನಂಬರ್ ಕೊರೆದಿರುತ್ತದೆ. ಮಸಿ ಹಿಡಿದು ಕಾಣದಿದ್ದರೆ ಮೇಲೆ ಸೀಮೆಸುಣ್ಣ ತಿಕ್ಕಿ, ಅಕ್ಷರ ಎದ್ದು ಕಾಣುತ್ತದೆ. ಒಂದು ಫೋಟೋ ತೆಗೆದುಕೊಳ್ಳಿ.

ನಮ್ಮ ಪಿ.ಬಿ. ರಸ್ತೆಯ ಕಡೆಯ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಆ ಫೋಟೋ ತೋರಿಸಿ. ಜೊತೆಗೆ ಹಳೇ ಸಾಮಾನನ್ನೂ ಚೀಲದಲ್ಲಿ ತನ್ನಿ, ಎಷ್ಟೇ ಸುಟ್ಟಿದ್ದರೂ ಪರವಾಗಿಲ್ಲ. ಕೌಂಟರಿನಲ್ಲಿ ಕೂತಿರುವ ಹಿರಿಯರು ಕೈಗೆ ತೆಗೆದುಕೊಂಡು ನೋಡಿಯೇ ಹೇಳುತ್ತಾರೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಆನ್‌ಲೈನಿನಲ್ಲಿ ಹುಡುಕುವುದಾದರೆ ಅಂಬಾಸಿಡರ್ ಅಂತ ಹೊಡೆಯಬೇಡಿ, ನಿಮ್ಮ ಡಿಸ್ಟ್ರಿಬ್ಯೂಟರ್ ಮಾಡೆಲ್ ಹೊಡೆಯಿರಿ. 25ಡಿ4 ಆಗಿದ್ದರೆ 25ಡಿ4 ಅಂತ ಹುಡುಕಿ. ಅದೇ ಡಿಸ್ಟ್ರಿಬ್ಯೂಟರ್ ಎಂಜಿಬಿ, ಮಿನಿ ಕಾರುಗಳಲ್ಲೂ ಇತ್ತು. ಅವನ್ನು ಜೋಪಾನ ಮಾಡುವವರು ಇಂಗ್ಲೆಂಡಿನಲ್ಲಿ ಬಹಳ ಜನ ಇರುವುದರಿಂದ ಅಲ್ಲಿ ಇವತ್ತಿಗೂ ಹೊಸ ಮಾಲು ತಯಾರಾಗುತ್ತಿದೆ.

ತಂದ ಮೇಲೆ ಕೂತಿದೆಯೋ ಇಲ್ಲವೋ ನೋಡುವುದು ಹೀಗೆ. ಕ್ಯಾಪಿನ ಗುರುತಿನ ಉಬ್ಬು ಬಾಡಿಯ ಕಚ್ಚಿಗೆ ಸರಿಯಾಗಿ ಇಳಿಯಬೇಕು. ಎರಡೂ ಕಡೆಯ ಕ್ಲಿಪ್ ಹಾಕಿದ ಮೇಲೆ ಕೂದಲೆಳೆಯಷ್ಟೂ ತಿರುಗಬಾರದು. ಕ್ಯಾಪಿನ ನಡುವೆ ಸ್ಪ್ರಿಂಗ್ ಮೇಲೆ ಸಣ್ಣ ಕಾರ್ಬನ್ ಇದೆ. ಅದು ರೋಟರಿನ ಹಿತ್ತಾಳೆಯನ್ನು ಮುಟ್ಟಲೇಬೇಕು. ಸ್ವಲ್ಪ ದೂರ ಓಡಿಸಿ ಕ್ಯಾಪ್ ಬಿಚ್ಚಿ. ಹಿತ್ತಾಳೆಯ ಮಧ್ಯದಲ್ಲಿ ಹೊಳೆಯುವ ಚುಕ್ಕೆ ಬಿದ್ದಿದ್ದರೆ ಸರಿ. ಇಲ್ಲದಿದ್ದರೆ ರೋಟರ್ ಗಿಡ್ಡವಾಯಿತು ಅಂತ ಅರ್ಥ.

ರೋಟರ್ ಬಗ್ಗೆ ಇನ್ನೊಂದು ಮಾತು. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರ್‌ಗಳಲ್ಲಿ ಕರೆಂಟು ಆ ರಿವೆಟ್ ಮೂಲಕ ಕೆಳಗಿನ ಶಾಫ್ಟಿಗೆ ಹಾರಿಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎಲ್ಲವೂ ಹೊಸದು, ಆದರೂ ಗಾಡಿ ಸ್ಟಾರ್ಟ್ ಆಗಲ್ಲ ಅನ್ನುವ ಎಷ್ಟೋ ಗೋಳು ಇದರದ್ದೇ. ರಿವೆಟ್ ಇಲ್ಲದ ರೋಟರ್ ಸಿಕ್ಕರೆ ದುಡ್ಡು ಜಾಸ್ತಿಯಾದರೂ ಅದನ್ನೇ ತನ್ನಿ.

ಪಾಯಿಂಟ್ ಸೆಟ್ ಎರಡು ತುಂಡಿನದ್ದಾದರೆ ವಾಷರ್‌ಗಳ ಕ್ರಮ ಮುಖ್ಯ. ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ) ವೈರ್, ಕಾಯಿಲಿನಿಂದ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಬರುವ ವೈರ್, ಪಾಯಿಂಟಿನ ಸ್ಪ್ರಿಂಗ್ ಈ ಮೂರೂ ಒಂದಕ್ಕೊಂದು ತಾಗಬೇಕು. ಆದರೆ ಬೇಸ್ ಪ್ಲೇಟಿಗೆ ಮಾತ್ರ ತಾಗಬಾರದು. ಪ್ಲಾಸ್ಟಿಕ್ ವಾಷರ್ ಒಂದು ಹೆಚ್ಚುಕಡಿಮೆಯಾದರೆ ಕಿಡಿಯೇ ಬರುವುದಿಲ್ಲ. ಹೊಸ ಪಾಯಿಂಟಿನ ಮುಖಕ್ಕೆ ಸವರಿರುವ ಎಣ್ಣೆಯನ್ನು ಪೆಟ್ರೋಲಿನಿಂದ ಒರೆಸಿ. ಗ್ಯಾಪ್ 0.014 ರಿಂದ 0.016 ಇಂಚು, ಅಂದರೆ ಸುಮಾರು 0.35 ರಿಂದ 0.40 ಮಿ.ಮೀ. ಇದನ್ನು ಪಾಯಿಂಟ್ ತೆರೆಸುವ ಕ್ಯಾಮ್‌ನ ನಾಲ್ಕೂ ಮೂಲೆಯಲ್ಲಿ ಫೀಲರ್ ಗೇಜ್ (ಅಳತೆಯ ತೆಳು ಪಟ್ಟಿ) ಇಟ್ಟು ನೋಡಿ.

ನಾಲ್ಕು ಕಡೆ ನಾಲ್ಕು ಅಳತೆ ಬಂದರೆ ಹೊಸ ಪಾಯಿಂಟನ್ನು ಬೈಯಬೇಡಿ. ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಕೈಗೆ ಆಟ ಗೊತ್ತಾದರೆ ಒಳಗಿನ ಬುಶ್, ಅಂದರೆ ಶಾಫ್ಟ್ ತಿರುಗುವ ಬಳೆ, ಸವೆದಿದೆ. ಆಗ ಪ್ರಪಂಚದ ಯಾವ ಪಾಯಿಂಟ್ ತಂದರೂ ಗ್ಯಾಪ್ ನಿಲ್ಲುವುದಿಲ್ಲ. ಈ ಕೆಲಸಕ್ಕೆ ನಮ್ಮ ಕಡೆ ಒಂದು ಅನುಕೂಲ ಇದೆ. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದರು. ಕಾರ್ಖಾನೆ ನಿಂತರೂ ಕೈಯಲ್ಲಿ ಅಳತೆ ಇರುವ ಟರ್ನರ್‌ಗಳು ಈ ಭಾಗದಲ್ಲಿ ಇನ್ನೂ ಸಿಗುತ್ತಾರೆ. ಹೊಸ ಬುಶ್ ರಂಧ್ರವಿರುವ ಕಂಚಿನದ್ದಾಗಿದ್ದರೆ ಒತ್ತಿ ಕೂರಿಸುವ ಮೊದಲು 24 ಗಂಟೆ ಎಂಜಿನ್ ಆಯಿಲಿನಲ್ಲಿ ನೆನೆಹಾಕಲು ಹೇಳಿ. ಈ ಒಂದು ಕೆಲಸಕ್ಕೆ ಕೊಟ್ಟ ದುಡ್ಡು ನಿಜಕ್ಕೂ ಸಾರ್ಥಕ.

ಬಿಸಿಯಾದ ಮೇಲೆ ನಿಲ್ಲುವುದು ಬೇರೆ ಕಥೆ. ಅಲ್ಲಿ ಕಂಡೆನ್ಸರ್ ಅಥವಾ ಕಾಯಿಲ್ ನೋಡಬೇಕು. ಪಾಯಿಂಟಿನ ಮುಖ ಬೇಗ ಕಪ್ಪಾಗಿ ಸುಡುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಅದರ ಅಳತೆ ಸುಮಾರು 0.18 ರಿಂದ 0.25 ಮೈಕ್ರೊಫ್ಯಾರಡ್ ಇರಬೇಕು. ಅಂಗಡಿಯ ಮೂಲೆಯಲ್ಲಿ ದಶಕಗಳಿಂದ ಬಿದ್ದಿರುವ ಹಳೇ ಸ್ಟಾಕ್ ಸಿಕ್ಕರೆ ಕ್ಯಾಪ್, ರೋಟರ್, ಪಾಯಿಂಟ್ ಕಣ್ಣುಮುಚ್ಚಿ ತಗೊಳ್ಳಿ. ಕಂಡೆನ್ಸರ್ ಮಾತ್ರ ಬೇಡ. ಅದು ಸುಮ್ನೆ ಇಟ್ಟರೂ ಒಳಗೊಳಗೇ ಹಾಳಾಗುತ್ತದೆ.

ಕಾಯಿಲನ್ನು ವೈರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಎರಡು ಸಣ್ಣ ಟರ್ಮಿನಲ್ ನಡುವೆ 3 ಓಮ್ ಆಸುಪಾಸು ಬಂದರೆ ಅದು ನೇರ 12 ವೋಲ್ಟಿನ ಕಾಯಿಲ್. ಒಂದೂವರೆ ಓಮ್ ಬಂದರೆ ಅದು ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲಿಗೆ ಹೋಗುವ ಕರೆಂಟು ತಗ್ಗಿಸುವ ತಂತಿ) ಇರುವ ಗಾಡಿಯದ್ದು. ರೆಸಿಸ್ಟರ್ ಇಲ್ಲದೆ ಹಾಕಿದರೆ 4 ಆಂಪಿಯರ್ ಹರಿಯಬೇಕಾದ ಕಡೆ 8 ಆಂಪಿಯರ್ ಹರಿದು ಕಾಯಿಲೂ ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ಎರಡು ಕಾಯಿಲ್‌ಗಳೂ ಹೊರಗಿನಿಂದ ಒಂದೇ ತರ ಕಾಣುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಪರೀಕ್ಷಿಸದೆ ಬಿಡಬೇಡಿ.

ಪ್ಲಗ್ ಉದ್ದ ಚೂಡಿಯದ್ದು (ಚೂಡಿ ಅಂದರೆ ತಿರುಪಿನ ಥ್ರೆಡ್), 14 ಮಿ.ಮೀ. ದಪ್ಪ, ಮುಕ್ಕಾಲು ಇಂಚು ಉದ್ದ. ಗಿಡ್ಡ ಚೂಡಿಯದ್ದೂ ಅದೇ ತೂತಿಗೆ ಹತ್ತುತ್ತದೆ, ಆದರೆ ಕಿಡಿ ಒಳಗೇ ಹೂತುಹೋಗುತ್ತದೆ. ಬ್ರಾಂಡ್ ಬದಲಿಸುವಾಗ ನಂಬರ್ ನೋಡಿ ಹೋಲಿಸಬೇಡಿ. ಎನ್‌ಜಿಕೆಯಲ್ಲಿ ನಂಬರ್ ಏರಿದರೆ ಪ್ಲಗ್ ತಣ್ಣಗಿನದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದು. ಬಾಷ್‌ನ ಈಗಿನ ನಂಬರಿನಲ್ಲಿ ಅದೇ ಏರಿದರೆ ಬಿಸಿಯದು. ನಮ್ಮ ಹಿರಿಯರ ಕಾಲದ ಮೈಕೋ ಪ್ಲಗ್ಗಿನ ಮೂರಂಕಿಯ ನಂಬರು ಮಾತ್ರ ಎನ್‌ಜಿಕೆಯ ಹಾಗೆ, ಏರಿದರೆ ತಣ್ಣಗಿನದು. 2008ರಲ್ಲಿ ಮೈಕೋ ಹೆಸರೇ ಬಾಷ್ ಆಯಿತು ಅಂತ ಎರಡನ್ನೂ ಒಂದೇ ಲೆಕ್ಕಕ್ಕೆ ಹಿಡಿಯಬೇಡಿ.

ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹೊಡೆಯುವ ಹೊತ್ತೂ, ಸರಿಯುತ್ತದೆ, ಕೊನೆಗೆ ಅದನ್ನು ಕೂರಿಸಿಕೊಳ್ಳಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-3-4-2, ರೋಟರ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ, ವೈರ್‌ಗಳನ್ನೂ ಹಾಗೇ ಹಾಕಿ. ನಂಬರಿನ ಫೋಟೋ ಇಲ್ಲಿ ಹಾಕಿದರೆ ಯಾವ ಮಾಡೆಲ್ ಅಂತ ನೋಡಿ ಹೇಳುತ್ತೇನೆ.