18ರಲ್ಲಿಟ್ಟು ಕಂಬಳಿ ಹೊದೆಯುವುದೇಕೆ? ಎಸಿ ಬಗ್ಗೆ ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮನೆ ಸುರತ್ಕಲ್‌ನಲ್ಲಿದೆ. ಮಲಗುವ ಕೋಣೆಗೆ ಒಂದು ಟನ್‌ನ, ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಎಸಿ ಹಾಕಿಸಿದ್ದೇವೆ. ಸೆಕೆ ತಡೆಯಲಾಗದೆ ರಾತ್ರಿ 18ಕ್ಕೆ ಇಡುತ್ತೇವೆ. ಬೆಳಗಿನ ಜಾವ ಚಳಿಯಾಗಿ ಕಂಬಳಿ ಎಳೆದುಕೊಳ್ಳುತ್ತೇವೆ. 26ಕ್ಕೆ ಇಟ್ಟರೆ ಮೈಯೆಲ್ಲ ಅಂಟಂಟು. ಕಳೆದ ತಿಂಗಳು 200 ಯೂನಿಟ್ ದಾಟಿ ಗೃಹಜ್ಯೋತಿಯ ಉಚಿತ ವಿದ್ಯುತ್ತೂ ಕೈತಪ್ಪಿತು. ಎಷ್ಟಕ್ಕೆ ಇಟ್ಟರೆ ಸರಿ?

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಬಿಸಿಗಿಂತ ಹೆಚ್ಚಾಗಿ ಗಾಳಿಯಲ್ಲಿರುವ ನೀರು. ಮೈ ತಂಪಾಗಬೇಕಾದರೆ ಬೆವರು ಆರಬೇಕು. ಕರಾವಳಿಯ ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರದೆ ಚರ್ಮದ ಮೇಲೆಯೇ ಉಳಿಯುತ್ತದೆ. ನೀವು 18 ಒತ್ತಿದಾಗ ಹಿತವೆನಿಸುವುದು ಎಸಿ ಎಡೆಬಿಡದೆ ಓಡಿ ಆ ನೀರನ್ನು ಇಳಿಸುವುದರಿಂದ. ಡ್ರೈನ್ ಪೈಪಿನ ಕೆಳಗೆ ಒಂದು ರಾತ್ರಿ ಬಕೆಟ್ ಇಟ್ಟು ನೋಡಿ, ಎಷ್ಟು ನೀರು ಇಳಿಯುತ್ತದೆಂದು ಗೊತ್ತಾಗುತ್ತದೆ. ಆ ನೀರು ಇಳಿಸಲು 18ರ ತನಕ ಹೋಗಬೇಕಾಗಿಲ್ಲ.

ಮೊದಲು ಖರ್ಚಿನ ಲೆಕ್ಕ. ಒಂದು ಟನ್‌ನ ಯಂತ್ರ ಪೂರ್ತಿ ವೇಗದಲ್ಲಿ ಓಡಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು. ಏಪ್ರಿಲ್ ತಿಂಗಳ ಸುರತ್ಕಲ್‌ನಲ್ಲಿ ಕೋಣೆ 18ಕ್ಕೆ ಇಳಿಯುವುದೇ ಕಷ್ಟ. ಹಾಗಾಗಿ ಎಸಿಯ ಮುಖ್ಯ ಯಂತ್ರವಾದ ಕಂಪ್ರೆಸರ್‌ಗೆ ವೇಗ ತಗ್ಗಿಸಲು ಅವಕಾಶವೇ ಸಿಗುವುದಿಲ್ಲ. ಎಂಟು ಗಂಟೆಗೆ ಎಂಟು ಯೂನಿಟ್ ಎಂದರೆ ತಿಂಗಳಿಗೆ 240. ಫ್ರಿಜ್ಜು, ಪಂಪು, ದೀಪದ ಲೆಕ್ಕ ಇನ್ನೂ ಸೇರಿಲ್ಲ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮ ಮೇಲೆಯೇ ಬೀಳುತ್ತದೆ. ಇನ್ವರ್ಟರ್ ಎಸಿಗೆ ಕೊಟ್ಟ ಹೆಚ್ಚುವರಿ ಹಣ ವಾಪಸು ಬರುವುದು ಅದು ನಿಧಾನವಾಗಿ ಓಡಿದಾಗ ಮಾತ್ರ. ನೀವು ಅದಕ್ಕೆ ನಿಧಾನವಾಗಲು ಬಿಡುತ್ತಲೇ ಇಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುವಂತೆ ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. 2020ರ ಜನವರಿಯಿಂದ ನಕ್ಷತ್ರದ ಗುರುತಿರುವ ಎಸಿಗಳು 24ರ ಸೆಟ್ಟಿಂಗ್‌ನಲ್ಲೇ ಬರಬೇಕೆಂಬ ನಿಯಮ ಬಂದದ್ದೂ ಇದೇ ಕಾರಣಕ್ಕೆ. ಆದರೆ 24 ಎಂಬುದು ಕಂಪನಿ ಹೊಂದಿಸಿ ಕೊಡುವ ಅಂಕಿ ಅಷ್ಟೇ. ನಿಮ್ಮ ಕೋಣೆಗೆ ಹೊಂದುವ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು.

ಇನ್ನು 26ರಲ್ಲಿ ಅಂಟಂಟಾಗುವುದು. ಇದು ನಿಮ್ಮ ಭ್ರಮೆಯಲ್ಲ. ಕೋಣೆ 26 ಮುಟ್ಟಿದ ಮೇಲೆ ಇನ್ವರ್ಟರ್ ಕಂಪ್ರೆಸರ್ ವೇಗ ತಗ್ಗಿಸುತ್ತದೆ, ಒಳಗಿನ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಕೊಳವೆ ಸುರುಳಿ) ಮೊದಲಿನಷ್ಟು ತಣ್ಣಗಿರುವುದಿಲ್ಲ. ತಣ್ಣನೆಯ ಕಾಯಿಲ್ ಮೇಲೆ ಮಾತ್ರ ನೀರು ಹನಿಗಟ್ಟುತ್ತದೆ. ಅದು ಬೆಚ್ಚಗಾದರೆ ಗಾಳಿ ತಂಪಾದರೂ ನೀರು ಇಳಿಯುವುದು ಕಡಿಮೆಯಾಗುತ್ತದೆ. ಇದಕ್ಕೆ ಪರಿಹಾರ ಎಸಿಯೊಳಗೆ ಗಾಳಿ ಬೀಸುವ ಫ್ಯಾನ್, ಅಂದರೆ ಬ್ಲೋಯರ್‌ನಲ್ಲಿದೆ. ಬ್ಲೋಯರನ್ನು ಕನಿಷ್ಠ ವೇಗಕ್ಕೆ ಇಳಿಸಿ. ಗಾಳಿ ಕಾಯಿಲ್ ಮೇಲೆ ನಿಧಾನವಾಗಿ ಹಾದು ಹೋದರೆ ಕಾಯಿಲ್ ಹೆಚ್ಚು ತಣ್ಣಗಿರುತ್ತದೆ, ಹೆಚ್ಚು ನೀರು ಇಳಿಯುತ್ತದೆ. ಮೈಗೆ ಬೇಕಾದ ಗಾಳಿಯನ್ನು ಸೀಲಿಂಗ್ ಫ್ಯಾನ್ ಕೊಡಲಿ. ಎಸಿ ಹಾಕಿದಾಗ ಫ್ಯಾನ್ ಆರಿಸಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದನ್ನು ದಯವಿಟ್ಟು ಬಿಟ್ಟುಬಿಡಿ. ನಡು ವೇಗದ ಫ್ಯಾನ್ ಗಾಳಿಯಲ್ಲಿ ಕೋಣೆ ಎರಡು ಮೂರು ಡಿಗ್ರಿ ತಂಪಾದಂತೆ ಅನ್ನಿಸುತ್ತದೆ. ಹಳೆಯ ಫ್ಯಾನ್ ತೆಗೆದುಕೊಳ್ಳುವುದು ಸುಮಾರು 75 ವ್ಯಾಟ್, ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಮೋಟರಿರುವ ಬಿಎಲ್‌ಡಿಸಿ ಫ್ಯಾನ್ ಆದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಎರಡು ಡಿಗ್ರಿ ಇಳಿಸಲು ಎಸಿ ಕೇಳುವ ವಿದ್ಯುತ್ತಿಗೆ ಹೋಲಿಸಿದರೆ ಇದು ಅಗ್ಗ.

ಆದ್ದರಿಂದ ಹೀಗೆ ಮಾಡಿ. ಮಲಗುವ ಅರ್ಧ ಗಂಟೆ ಮೊದಲು ಕಿಟಕಿ ಬಾಗಿಲು ಮುಚ್ಚಿ 25ಕ್ಕೆ ಇಟ್ಟು ಎಸಿ ಹಾಕಿ. ಮಲಗುವಾಗ 26, ಬ್ಲೋಯರ್ ಕನಿಷ್ಠ, ಫ್ಯಾನ್ ಎರಡು ಅಥವಾ ಮೂರರಲ್ಲಿ. ಆಗಲೂ ಅಂಟೆನಿಸಿದರೆ ರಿಮೋಟ್‌ನಲ್ಲಿ ನೀರ ಹನಿಯ ಚಿತ್ರವಿರುವ ‘ಡ್ರೈ’ ಮೋಡ್ ಒತ್ತಿ. ಮಳೆಗಾಲದ ರಾತ್ರಿಗಳಿಗಂತೂ ಬಹಳ ಸಲ ಅದೊಂದೇ ಸಾಕು. ಕೆಲವು ನೂರು ರೂಪಾಯಿಗೆ ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ, ಅದನ್ನು ದಿಂಬಿನ ಪಕ್ಕ ಇಡಿ. ಎಸಿಯ ಸೆನ್ಸರ್ ಇರುವುದು ಮೇಲೆ ಗೋಡೆಯಲ್ಲಿ, ನೀವಿರುವುದು ಕೆಳಗೆ ಮಂಚದಲ್ಲಿ. ಎರಡೂ ಕಡೆ ಅಂಕಿ ಒಂದೇ ಇರುವುದಿಲ್ಲ. ತೇವಾಂಶ ಶೇ 60ರ ಕೆಳಗೆ ಬಂದರೆ 26, 27ರಲ್ಲೂ ಹಾಯಾಗಿ ನಿದ್ದೆ ಬರುತ್ತದೆ.

ನಸುಕಿನ ಚಳಿಗೂ ಕಾರಣವಿದೆ. ನಿದ್ದೆಯಲ್ಲಿ ದೇಹದ ಉಷ್ಣತೆ ಇಳಿಯುತ್ತಾ ಹೋಗಿ ಬೆಳಗಿನ ಜಾವದ ಹೊತ್ತಿಗೆ ತೀರಾ ಕಡಿಮೆಯಾಗುತ್ತದೆ. ಹೊರಗೂ ಅದೇ ತಂಪು ಹೊತ್ತು. ‘ಸ್ಲೀಪ್’ ಗುಂಡಿ ಒತ್ತಿದರೆ ಎಸಿ ತಾನಾಗಿ ಒಂದೆರಡು ಡಿಗ್ರಿ ಏರಿಸಿಕೊಳ್ಳುತ್ತದೆ.

ಪ್ರಶ್ನೆ: ಕಲಬುರಗಿಯಲ್ಲಿ ಮೇಲಿನ ಮಹಡಿಯ ಮನೆ. ಒಂದೂವರೆ ಟನ್‌ನ ಎಸಿಯನ್ನು 22ಕ್ಕೆ ಇಟ್ಟರೂ ರಾತ್ರಿ ಹತ್ತರ ತನಕ ಧಗೆ ಹೋಗುವುದಿಲ್ಲ. ಎರಡು ಟನ್‌ನದು ಹಾಕಿಸಬೇಕೇ?

ಉತ್ತರ: ದುಡ್ಡು ಖರ್ಚು ಮಾಡುವ ಮುನ್ನ ಒಂದು ಕೆಲಸ ಮಾಡಿ. ಸಂಜೆ ಏಳಕ್ಕೆ ಸ್ಟೂಲ್ ಹತ್ತಿ ಚಾವಣಿಗೆ ಅಂಗೈ ತಾಗಿಸಿ. ಕಾದ ಹೆಂಚಿನಂತಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನಲವತ್ತು ದಾಟಿದ ಬಿಸಿಲನ್ನು ಹಗಲಿಡೀ ಕುಡಿದ ಕಾಂಕ್ರೀಟು ಕತ್ತಲಾದ ಮೇಲೆ ಆ ಶಾಖವನ್ನು ನೇರವಾಗಿ ನಿಮ್ಮ ಮೈ ಮೇಲೆ ಸುರಿಯುತ್ತದೆ. ಎಸಿ ತಂಪು ಮಾಡುವುದು ಮುಖ್ಯವಾಗಿ ಗಾಳಿಯನ್ನು. ಗಾಳಿ 22ಕ್ಕೆ ಇಳಿದರೂ ತಲೆಯ ಮೇಲಿನ ಚಾವಣಿ ಬಿಸಿಯಾಗಿದ್ದರೆ ಮೈಗೆ ಹಿತವಿಲ್ಲ. ನಿಮ್ಮ ಸೀಮೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲ ಹಗಲು ತಂಪಾಗಿರುತ್ತಿದ್ದುದನ್ನು ನೆನೆಯಿರಿ. ತೆಳ್ಳನೆಯ ಆರ್‌ಸಿಸಿ ಚಾವಣಿಗೆ ಆ ಗುಣವಿಲ್ಲ.

ತಾರಸಿಗೆ ಬಿಸಿಲು ಪ್ರತಿಫಲಿಸುವ ಬಿಳಿ ಬಣ್ಣ ಬಳಿಸಿ, ಅಥವಾ ಬಿಳಿ ಟೈಲ್ಸ್ ಹಾಕಿಸಿ. ಸುಣ್ಣ ಬಳಿದರೂ ಸಾಕು, ಆದರೆ ವರ್ಷವರ್ಷವೂ ಬಳಿಯಬೇಕು. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ನೆರಳು ಮಾಡಿ. ಒಳಗೆ ಪರದೆ ಹಾಕಿದರೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಔಟ್‌ಡೋರ್ ಯೂನಿಟ್ ತಾರಸಿಯ ಸುಡುಬಿಸಿಲಲ್ಲಿದ್ದರೆ ಅದಕ್ಕೂ ಮೇಲೊಂದು ನೆರಳು ಬೇಕು, ಸುತ್ತ ಗಾಳಿಯಾಡಲು ಜಾಗ ಬಿಟ್ಟಿರಬೇಕು. ಒಳಗಿನ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ, ನಿಮ್ಮಲ್ಲಿ ಧೂಳು ಹೆಚ್ಚು. ಇಷ್ಟೆಲ್ಲ ಆದ ಮೇಲೂ ಸಾಲದಿದ್ದರೆ ಆಗ ಎರಡು ಟನ್‌ನ ಮಾತಾಡೋಣ.

ನಿಮ್ಮ ಗಾಳಿ ಒಣಗಾಳಿ. ಬೆವರು ಕ್ಷಣದಲ್ಲಿ ಆರುವ ಊರಿನಲ್ಲಿ ಫ್ಯಾನ್ ಜತೆ 27 ಅಥವಾ 28 ಸಾಕಾಗುತ್ತದೆ, ಮಂಗಳೂರಿನವರಿಗೆ ಈ ಅನುಕೂಲವಿಲ್ಲ. ಅಷ್ಟೇ ಅಲ್ಲ, ಏಪ್ರಿಲ್, ಮೇ ತಿಂಗಳ ಹಗಲಿಗೆ ನಿಮಗೆ ನೀರಿನ ಕೂಲರ್ ಕೂಡ ಒಳ್ಳೆಯ ಆಯ್ಕೆ. ಎಸಿಯ ವಿದ್ಯುತ್ತಿನ ಸಣ್ಣ ಪಾಲಿನಲ್ಲಿ ಅದು ಕೆಲಸ ಮಾಡುತ್ತದೆ. ಒಂದೇ ಎಚ್ಚರ: ಕೂಲರ್‌ಗೆ ಕಿಟಕಿ ತೆರೆದಿರಬೇಕು, ಎಸಿಗೆ ಮುಚ್ಚಿರಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಕೂಲರ್ ಗಾಳಿಗೆ ಸೇರಿಸಿದ ನೀರನ್ನು ಎಸಿ ಇಳಿಸುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಆರು ತಿಂಗಳ ಮಗು, 78 ವರ್ಷದ ಅತ್ತೆ ಇದ್ದಾರೆ. ಎಸಿಯಿಂದ ತೊಂದರೆಯೇ? ಬೇಗ ತಂಪಾಗಲೆಂದು ನಮ್ಮವರು ಮೊದಲು 16ಕ್ಕೆ ಇಡುತ್ತಾರೆ.

ಉತ್ತರ: ಎಸಿಯಿಂದ ತೊಂದರೆಯಿಲ್ಲ, ಮೈಮೇಲೆ ನೇರ ಬೀಸುವ ತಣ್ಣನೆ ಗಾಳಿಯಿಂದ ತೊಂದರೆ. ಗಾಳಿಯ ರೆಕ್ಕೆಯನ್ನು ಚಾವಣಿಯ ಕಡೆ ತಿರುಗಿಸಿ, ತೊಟ್ಟಿಲನ್ನು ಎಸಿಯ ಎದುರಿನಿಂದ ಸರಿಸಿ, 25ರಿಂದ 26ರಲ್ಲಿಡಿ. ಮಗುವಿನ ಕೈಕಾಲು ತಣ್ಣಗಿರುವುದು ಸಾಮಾನ್ಯ. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವತಿದ್ದರೆ ಸೆಕೆ, ತಣ್ಣಗಿದ್ದರೆ ಚಳಿ. ಅತ್ತೆಯವರ ವಿಷಯದಲ್ಲಿ ಹೆಚ್ಚು ಗಮನ ಬೇಕು. ವಯಸ್ಸಾದಂತೆ ಬಾಯಾರಿಕೆಯೂ ಸೆಕೆಯೂ ಸರಿಯಾಗಿ ತಿಳಿಯುವುದಿಲ್ಲ. ‘ನನಗೇನೂ ಆಗಿಲ್ಲ’ ಎಂದರೂ ಬೇಸಿಗೆಯ ಮಧ್ಯಾಹ್ನ ಅವರ ಕೋಣೆ ಬಿಸಿಯಾಗಲು ಬಿಡಬೇಡಿ. ಬಿಲ್ಲು ಉಳಿಸಲು ಹೊರಟವರು ಹಿರಿಯರ ಕೋಣೆಯಿಂದ ಶುರು ಮಾಡುವುದನ್ನು ನಾನು ಒಪ್ಪುವುದಿಲ್ಲ.

16ರ ವಿಷಯ: ಹಳೆಯ ಮಾದರಿಯ ಎಸಿಯಲ್ಲಿ ಕಂಪ್ರೆಸರ್ 16ಕ್ಕೂ 25ಕ್ಕೂ ಒಂದೇ ವೇಗದಲ್ಲಿ ಓಡುತ್ತದೆ, 16ಕ್ಕೆ ಇಟ್ಟ ಮಾತ್ರಕ್ಕೆ ಕೋಣೆ ಬೇಗ ತಂಪಾಗುವುದಿಲ್ಲ. ಇನ್ವರ್ಟರ್ ಎಸಿಯೂ ಬಿಸಿ ಕೋಣೆಯಲ್ಲಿ 25ಕ್ಕೆ ಇಟ್ಟರೂ ಮೊದಲು ಜೋರಾಗಿಯೇ ಓಡುತ್ತದೆ. ಬೇಗ ತಂಪಾಗಬೇಕಿದ್ದರೆ ಮೊದಲ ಹತ್ತು ನಿಮಿಷ ಬ್ಲೋಯರ್ ಜೋರು ಮಾಡಿ. ಬೆಂಗಳೂರಿನಲ್ಲಿ ಇನ್ನೊಂದು ಅನುಕೂಲವಿದೆ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಬೇಸಿಗೆಯಲ್ಲೂ ರಾತ್ರಿ ಹನ್ನೊಂದರ ಹೊತ್ತಿಗೆ ಹೊರಗಿನ ಗಾಳಿ ತಂಪಾಗುವುದುಂಟು. ಅಂಥ ದಿನ ಎಸಿ ಆರಿಸಿ, ಸೊಳ್ಳೆ ಪರದೆಯಿರುವ ಕಿಟಕಿಗಳನ್ನು ಎದುರುಬದುರು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಮಲಗಿದರೆ ಗಾಳಿ ಕೆಡುತ್ತದೆ, ಎಸಿ ಅದನ್ನು ಬದಲಾಯಿಸುವುದಿಲ್ಲ.